ನೌಕರಿ ಬಿಡದೆ ಸಮಾಜ ವಿಜ್ಞಾನದ ಪದವಿ: ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡದ ದುಡಿಯುವವರಿಗೆ

ಗದಗಿನ ಒಂದು ಪತ್ತಿನ ಸಹಕಾರಿ ಸಂಘದ ಕೌಂಟರಿನಲ್ಲಿ ನಾನು ಕೆಲಸ ಮಾಡುತ್ತೇನೆ. ಮೂವತ್ತೇಳನೆಯ ವಯಸ್ಸಿನಲ್ಲಿ ದೂರಶಿಕ್ಷಣದಲ್ಲಿ ಸಮಾಜಶಾಸ್ತ್ರ ಎಂ.ಎ.ಗೆ ಹೆಸರು ಹಚ್ಚಿದೆ. ಎರಡು ವರ್ಷದ ಕೋರ್ಸು ಮುಗಿಸಲು ಮೂರೂವರೆ ವರ್ಷ ಹಿಡಿಯಿತು. ಆ ಸುದ್ದಿ ಗೊತ್ತಾದ ಮೇಲೆ ಸಾಲದ ಕಂತು ಕಟ್ಟಲು ಬಂದವರು ಪಾವತಿ ಚೀಟಿ ಕೈಗೆ ತೆಗೆದುಕೊಂಡು, ಹಿಂದೆ ನಿಂತವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳುತ್ತಾರೆ: "ಅಕ್ಕಾರ, ನಾನೂ ಡಿಗ್ರಿ ಮಾಡಬೇಕಂತೀನ್ರೀ. ಈ ವಯಸ್ಸಿನ್ಯಾಗ ಆಗ್ತದೇನ್ರೀ?"

ಆಗುತ್ತದೆ. ಕೌಂಟರಿನಲ್ಲಿ ನಿಂತು ಅಷ್ಟೇ ಹೇಳಲು ಪುರಸೊತ್ತು ಇರುತ್ತದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಜೊತೆ ಓದಿದವರಲ್ಲಿ ಹಾವೇರಿ ಕಡೆಯ ಒಬ್ಬ ಅಂಗನವಾಡಿ ಕಾರ್ಯಕರ್ತೆ, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಒಬ್ಬ ಫಿಟ್ಟರ್ ಅಣ್ಣಾವ್ರು, ನಡುವೆ ಬಿಟ್ಟು ಹೋದ ಏಳೆಂಟು ಮಂದಿ ಇದ್ದರು. ಬಿಟ್ಟವರು ನಮಗಿಂತ ದಡ್ಡರಲ್ಲ, ಕೆಲವರು ನನಗಿಂತ ಹೆಚ್ಚು ಓದಿದ್ದರು. ಓದಿದ್ದನ್ನು ಬರೆಯುವ ಕೆಲಸವನ್ನು ಮುಂದಕ್ಕೆ ಹಾಕುತ್ತ ಹೋದರು, ಅಲ್ಲಿ ಸಿಕ್ಕಿಬಿದ್ದರು. ಈ ಮಾತನ್ನು ಮುಂದೆ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು: ಪದವಿ ಯಾವುದಕ್ಕೆ ಬೇಕು

ಇದನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಬಡ್ತಿಗೋ, ಸ್ಪರ್ಧಾತ್ಮಕ ಪರೀಕ್ಷೆಗೋ, ಕಾಲೇಜಿನಲ್ಲಿ ಕಲಿಸುವುದಕ್ಕೋ, ಇಲ್ಲವೇ ಅರ್ಧಕ್ಕೆ ನಿಂತ ಓದಿನ ಹಸಿವಿಗೋ. ಉತ್ತರ ಯಾವುದಾದರೂ ಸರಿ, ಆದರೆ ಒಂದೊಂದಕ್ಕೂ ದಾರಿ ಬೇರೆ.

ಕೆ.ಎ.ಎಸ್., ಪಿ.ಡಿ.ಓ. ತರಹದ ಪರೀಕ್ಷೆ ಬರೆಯಲು ಮಾನ್ಯತೆ ಪಡೆದ ಪದವಿ ಇದ್ದರೆ ಸಾಕು. ಕಾಲೇಜಿನಲ್ಲಿ ಕಲಿಸುವ ಆಸೆ ಇದ್ದವರು ಸ್ನಾತಕೋತ್ತರದಲ್ಲಿ 55 ಪ್ರತಿಶತ ಅಂಕ ದಾಟಲೇಬೇಕು. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯು.ಜಿ.ಸಿ. (ವಿಶ್ವವಿದ್ಯಾಲಯ ಅನುದಾನ ಆಯೋಗ) ನೆಟ್ ಬರೆಯಲು ಅಷ್ಟು ಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ 50. ಹೇಗೋ ಪಾಸಾದರೆ ಸಾಕು ಎಂದು 48ಕ್ಕೆ ನಿಂತು, ಆಮೇಲೆ ನೆಟ್ ಅರ್ಜಿ ತುಂಬುವಾಗ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಪಿಎಚ್.ಡಿ.ಯನ್ನು ದೂರಶಿಕ್ಷಣದಲ್ಲಿ ಮಾಡಲು ಯು.ಜಿ.ಸಿ. ನಿಯಮದಲ್ಲಿ ಅವಕಾಶವಿಲ್ಲ. ಆ ಕನಸು ಇದ್ದವರಿಗೆ ಇದು ಈಗಲೇ ಗೊತ್ತಿರಲಿ.

ಪಿ.ಯು.ಸಿ. ಮುಗಿಯದವರು ಮೊದಲು ಅದನ್ನು ಮುಗಿಸಿಕೊಳ್ಳಿ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹನ್ನೆರಡನೆಯ ತರಗತಿ ದುಡಿಯುವವರಿಗೆ ಒಳ್ಳೆಯ ದಾರಿ.

ವಿಶ್ವವಿದ್ಯಾಲಯ ಆರಿಸುವುದು

ನಮ್ಮ ಮೂರು ಜಿಲ್ಲೆಯವರ ಮುಂದೆ ಮುಖ್ಯವಾಗಿ ಎರಡು ಬಾಗಿಲು ಇವೆ.

ಮೊದಲನೆಯದು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. 1996ರಲ್ಲಿ ಶುರುವಾಯಿತು, ಧಾರವಾಡದಲ್ಲಿ ಇದರ ಪ್ರಾದೇಶಿಕ ಕೇಂದ್ರವಿದೆ. ಕನ್ನಡದಲ್ಲಿ ಓದಿ ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು ಎನ್ನುವುದೇ ಇದರ ದೊಡ್ಡ ಬಲ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಎಲ್ಲವೂ ಸಿಗುತ್ತವೆ. ಒಂದು ಹಳೆಯ ಸಂಗತಿಯನ್ನು ಮಾತ್ರ ತಿಳಿದಿರಬೇಕು. 2013-14ರಿಂದ ಕೆಲವು ವರ್ಷ ಇದಕ್ಕೆ ಯು.ಜಿ.ಸಿ. ಮಾನ್ಯತೆ ಇರಲಿಲ್ಲ, 2018-19ರ ಸಾಲಿನಿಂದ ಮರಳಿ ಸಿಕ್ಕಿತು. ಹಳೆಯ ನೆನಪಿನಿಂದ "ಅದು ನಡಿಯೂದಿಲ್ಲ ಬಿಡ್ರೀ" ಎಂದು ಹೇಳುವವರು ಊರೂರಿಗೂ ಇದ್ದಾರೆ. ಅವರ ಮಾತು ಆ ವರ್ಷಗಳ ಮಟ್ಟಿಗೆ ನಿಜ. ಈಗ ಸೇರುವವರು ತಮ್ಮ ಸಾಲಿನ ಮಾನ್ಯತೆಯನ್ನು ತಾವೇ ನೋಡಿಕೊಳ್ಳಬೇಕು.

ಎರಡನೆಯದು 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ನಾವು ಕರೆಯುವಂತೆ ಇಗ್ನೋ. ನಮ್ಮ ಭಾಗವನ್ನು ನೋಡಿಕೊಳ್ಳುವ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲಿದೆ. ಜನವರಿ ಮತ್ತು ಜುಲೈ, ಹೀಗೆ ವರ್ಷಕ್ಕೆ ಎರಡು ಸಲ ಪ್ರವೇಶ. ಜೂನ್ ಮತ್ತು ಡಿಸೆಂಬರಿನಲ್ಲಿ ಪರೀಕ್ಷೆ. ಬಿ.ಎ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಎಂ.ಎ.ಗೆ ಕನಿಷ್ಠ ಎರಡು, ಗರಿಷ್ಠ ನಾಲ್ಕು. ಈ ಸಡಿಲಿಕೆ ದುಡಿಯುವವರಿಗೆ ದೊಡ್ಡ ವರ. ಆದರೆ ಸಮಾಜ ವಿಜ್ಞಾನದ ಎಂ.ಎ. ಪರೀಕ್ಷೆಗಳನ್ನು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆಯಬೇಕು.

ಯಾವುದು ಮೇಲು ಎಂದು ಕೇಳಿದರೆ ನನ್ನ ಉತ್ತರ ನೇರ: ನಿಮ್ಮ ತಲೆಯಲ್ಲಿ ವಿಚಾರ ಯಾವ ಭಾಷೆಯಲ್ಲಿ ಓಡುತ್ತದೆಯೋ ಆ ಭಾಷೆಯಲ್ಲಿ ಪರೀಕ್ಷೆ ಬರೆಯಿರಿ. ಸಮಾಜ ವಿಜ್ಞಾನದಲ್ಲಿ ಅಂಕ ಸಿಗುವುದು ವಾದ ಕಟ್ಟುವುದಕ್ಕೆ. ಕನ್ನಡ ಶಾಲೆಯಲ್ಲಿ ಕಲಿತು, ದಿನವಿಡೀ ಕನ್ನಡದಲ್ಲಿ ವ್ಯವಹಾರ ಮಾಡುವವರು ಇಂಗ್ಲಿಷಿನ ಮೋಹಕ್ಕೆ ಬಿದ್ದು, ಮೂರು ಗಂಟೆ ವ್ಯಾಕರಣದ ಜೊತೆ ಗುದ್ದಾಡಿ ಎದ್ದು ಬರುವುದನ್ನು ನೋಡಿದರೆ ಸಂಕಟವಾಗುತ್ತದೆ. ಇಂಗ್ಲಿಷ್ ಸಲೀಸಾಗಿ ಬರೆಯುವವರಿಗೆ ಇಗ್ನೋದ ಪಾಠಪುಸ್ತಕಗಳು ಬಹಳ ಚೆನ್ನಾಗಿವೆ. ಬೇರೆ ಕಡೆ ಓದುವವರೂ ಅವುಗಳನ್ನು ಇಜ್ಞಾನಕೋಶ ತಾಣದಲ್ಲಿ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು.

ಯಾವ ವಿಶ್ವವಿದ್ಯಾಲಯವಾದರೂ ದುಡ್ಡು ಕಟ್ಟುವ ಮೊದಲು ಯು.ಜಿ.ಸಿ.ಯ ದೂರಶಿಕ್ಷಣ ಬ್ಯೂರೋದ ತಾಣದಲ್ಲಿ ಮೂರು ಸಂಗತಿ ನೋಡಿ: ವಿಶ್ವವಿದ್ಯಾಲಯದ ಹೆಸರು, ನೀವು ಸೇರುವ ಕೋರ್ಸಿನ ಹೆಸರು, ಪ್ರವೇಶದ ವರ್ಷ. ಮೂರೂ ಕೂಡಿ ಇರಬೇಕು. ಬಸ್ ನಿಲ್ದಾಣದ ಸುತ್ತ "ಒಂದೇ ವರ್ಷದಲ್ಲಿ ಡಿಗ್ರಿ" ಎಂದು ಬೋರ್ಡು ಹಾಕಿದ ಕಡೆ ಕಾಲಿಡಬೇಡಿ. ನನ್ನ ಪರಿಚಯದ ಒಬ್ಬರು ಹಾಗೆ ಕಟ್ಟಿದ ಹಣ ತಿರುಗಿ ಬರಲಿಲ್ಲ. ಕೈಗೆ ಬಂದ ಕಾಗದವನ್ನು ಯಾರೂ ಒಪ್ಪಲೂ ಇಲ್ಲ.

"ಡಿಸ್ಟೆನ್ಸ್ ಡಿಗ್ರಿಗೆ ಬೆಲಿ ಇಲ್ಲ" ಎನ್ನುವವರಿಗೆ ಉತ್ತರವೂ ನಿಮ್ಮ ಬಳಿ ಇರಲಿ. ಮಾನ್ಯತೆ ಪಡೆದ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ರೆಗ್ಯುಲರ್ ಪದವಿಗೆ ಸಮ ಎಂದು ಯು.ಜಿ.ಸಿ. 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿದೆ.

ಕಾಗದಪತ್ರ

2024ರಿಂದ ದೂರಶಿಕ್ಷಣಕ್ಕೆ ಸೇರುವವರಿಗೆ ಆ ದೂರಶಿಕ್ಷಣ ಬ್ಯೂರೋದ ಗುರುತು ಸಂಖ್ಯೆ, ಅಂದರೆ ಡಿ.ಇ.ಬಿ. ಐಡಿ ಬೇಕು. ಅದಕ್ಕೆ ಮೊದಲು ಡಿಜಿಲಾಕರಿನಲ್ಲಿ, ಓದಿನ ಲೆಕ್ಕ ಜಮೆಯಾಗುವ ಖಾತೆಯ ಸಂಖ್ಯೆಯಾದ ಎ.ಬಿ.ಸಿ. ಐಡಿ ಮಾಡಿಸಿಕೊಳ್ಳಬೇಕು. ಎರಡೂ ಬಿಟ್ಟಿ, ಮೊಬೈಲಿನಲ್ಲೇ ಆಗುತ್ತವೆ. ಆದರೆ ಆಧಾರಿನಲ್ಲಿ ಒಂದು ಹೆಸರು, ಎಸ್‌.ಎಸ್‌.ಎಲ್‌.ಸಿ. ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ಅಲ್ಲೇ ಗಾಡಿ ನಿಲ್ಲುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ತಪ್ಪಿದ್ದಲ್ಲ. ಶಾಲೆಯಲ್ಲಿ ತಂದೆಯ ಹೆಸರು ಮತ್ತು ತವರಿನ ಅಡ್ಡಹೆಸರು, ಮದುವೆಯಾದ ಮೇಲೆ ಗಂಡನ ಹೆಸರು ಮತ್ತು ಅತ್ತೆ ಮನೆಯ ಅಡ್ಡಹೆಸರು. ನನಗೆ ಈ ತಿದ್ದುಪಡಿಗೇ ಎರಡು ತಿಂಗಳು ಹೋಯಿತು. ಪ್ರವೇಶ ಪ್ರಕಟಣೆ ಬರುವುದನ್ನು ಕಾಯಬೇಡಿ, ಹೆಸರಿನ ಕೆಲಸ ಈಗಲೇ ಮುಗಿಸಿ. ಆಧಾರನ್ನು ಅಂಕಪಟ್ಟಿಗೆ ಹೊಂದಿಸುವುದು ಸುಲಭ, ಅಂಕಪಟ್ಟಿಯನ್ನು ಆಧಾರಿಗೆ ಹೊಂದಿಸಲು ಹೋದರೆ ವರ್ಷ ಕಳೆಯುತ್ತದೆ.

ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳ ನೌಕರರು ಸೇರುವ ಮೊದಲೇ ಇಲಾಖೆಯ ಅನುಮತಿ ಪತ್ರ ತೆಗೆದುಕೊಳ್ಳಿ. ಶುಲ್ಕ ರಿಯಾಯಿತಿ ಯಾರಿಗೆ ಎಷ್ಟು ಎಂಬುದು ವರ್ಷ ವರ್ಷ ಬದಲಾಗುತ್ತದೆ. ಪ್ರವೇಶದ ಕೈಪಿಡಿಯಲ್ಲಿ ಆ ಪುಟವನ್ನು ಹುಡುಕಿ ಓದಿ, ಕೇಂದ್ರದಲ್ಲಿ ಬಾಯಿ ಬಿಟ್ಟು ಕೇಳಿ.

ವಿಷಯ

ಇದರ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಡಿ. ಲೆಕ್ಕ ಮತ್ತು ನಕ್ಷೆ ಕಂಡರೆ ಹೆದರಿಕೆ ಇದ್ದವರು ಅರ್ಥಶಾಸ್ತ್ರವನ್ನು "ಬ್ಯಾಂಕಿನವರಿಗೆ ಅನುಕೂಲ" ಎಂದು ಆರಿಸಬೇಡಿ. ಪಂಚಾಯಿತಿ, ತಹಶೀಲ್ದಾರ್ ಕಚೇರಿಯಲ್ಲಿ ಇರುವವರಿಗೆ ರಾಜ್ಯಶಾಸ್ತ್ರ ಮತ್ತು ಸಾರ್ವಜನಿಕ ಆಡಳಿತ ಕೈಗೆ ಹತ್ತಿರ. ಜನರ ಜೊತೆ ದಿನಾ ಮಾತಾಡುವ ಕೆಲಸವಿದ್ದವರಿಗೆ ಸಮಾಜಶಾಸ್ತ್ರದಷ್ಟು ರುಚಿಯ ವಿಷಯ ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ, ಆದರೆ ನಾನು ಅದನ್ನೇ ಓದಿದವಳು.

ವೇಳೆಯ ಲೆಕ್ಕ

ಕೋರ್ಸಿನ ಓದಿನ ಭಾರವನ್ನು ಕ್ರೆಡಿಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಇಗ್ನೋ ಒಂದು ಕ್ರೆಡಿಟ್‌ಗೆ 30 ಗಂಟೆ ಓದು ಎಂದು ಹಿಡಿಯುತ್ತದೆ. 64 ಕ್ರೆಡಿಟ್‌ನ ಒಂದು ಎಂ.ಎ. ಎಂದು ಇಟ್ಟುಕೊಳ್ಳಿ: 1,920 ಗಂಟೆ. ಎರಡು ವರ್ಷದಲ್ಲಿ ಮುಗಿಸಬೇಕಾದರೆ ವಾರಕ್ಕೆ ಹದಿನೆಂಟೂವರೆ ಗಂಟೆ. ಮೂರು ವರ್ಷಕ್ಕೆ ಹರಡಿದರೆ ಹನ್ನೆರಡು ಗಂಟೆ ಚಿಲ್ಲರೆ. ನಾಲ್ಕು ವರ್ಷಕ್ಕೆ ಹರಡಿದರೆ ಒಂಬತ್ತು ಗಂಟೆ ಚಿಲ್ಲರೆ. ಪೂರ್ತಿ ನೌಕರಿ, ಮನೆ, ಮಕ್ಕಳು ಇದ್ದವರಿಗೆ ವಾರಕ್ಕೆ ಹನ್ನೆರಡು ಗಂಟೆ ಸಾಧ್ಯ, ಹದಿನೆಂಟು ಬಹಳ ಕಷ್ಟ. ಆದ್ದರಿಂದ ಕಾಲಾವಕಾಶ ಇರುವ ಕೋರ್ಸಿನಲ್ಲಿ ಮೊದಲ ದಿನವೇ "ನನ್ನದು ಮೂರು ವರ್ಷದ ಓದು" ಎಂದು ಗಟ್ಟಿ ಮಾಡಿಕೊಳ್ಳಿ. ಎರಡು ವರ್ಷ ಎಂದುಕೊಂಡು ಮೂರು ಹಿಡಿದರೆ ಸೋತ ಹಾಗೆ ಅನಿಸುತ್ತದೆ. ಮೂರು ಎಂದುಕೊಂಡೇ ಮೂರರಲ್ಲಿ ಮುಗಿಸಿದರೆ ಆ ಭಾರ ಇರುವುದಿಲ್ಲ.

ಹನ್ನೆರಡು ಗಂಟೆಯನ್ನು ನಾನು ಹೀಗೆ ಹೊಂದಿಸಿದೆ. ಸೋಮವಾರದಿಂದ ಶುಕ್ರವಾರದ ತನಕ ಮುಂಜಾನೆ ನಾಲ್ಕೂವರೆಯಿಂದ ಆರರವರೆಗೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೂರು ಗಂಟೆ. ಉಳಿದದ್ದು ಹುಬ್ಬಳ್ಳಿಗೆ ಹೋಗಿ ಬರುವ ರೈಲಿನಲ್ಲಿ. ಗದಗ ಬಿಟ್ಟು ಅಣ್ಣಿಗೇರಿ ದಾಟುವಷ್ಟರಲ್ಲಿ ಒಂದು ಘಟಕದ ಮೊದಲ ಓದು ಮುಗಿಯುತ್ತಿತ್ತು. ಹಾವೇರಿಯ ಅಂಗನವಾಡಿ ಅಕ್ಕನಿಗೆ ಮುಂಜಾನೆ ಆಗುತ್ತಿರಲಿಲ್ಲ, ಮಕ್ಕಳು ಮಲಗಿದ ಮೇಲೆ ರಾತ್ರಿ ಹತ್ತರಿಂದ ಹನ್ನೊಂದೂವರೆ. ಯಾವ ಹೊತ್ತು ಎನ್ನುವುದಕ್ಕಿಂತ ದಿನಾ ಒಂದೇ ಹೊತ್ತು ಎನ್ನುವುದು ಮುಖ್ಯ.

ಇನ್ನು ವರ್ಷದ ಲೆಕ್ಕ. ವಿಶ್ವವಿದ್ಯಾಲಯದ ಕ್ಯಾಲೆಂಡರಿನ ಪಕ್ಕದಲ್ಲಿ ನಿಮ್ಮ ಊರಿನ ಕ್ಯಾಲೆಂಡರನ್ನು ಇಟ್ಟು ನೋಡಿ. ಜೂನ್ ಪರೀಕ್ಷೆ ಅಂದರೆ ಮುಂಗಾರು ಬಿತ್ತನೆಯ ಹೊತ್ತು. ಹೊಲ ಇದ್ದವರ ಮನೆಯಲ್ಲಿ ಆಗ ಪುಸ್ತಕ ಹಿಡಿದು ಕೂತರೆ ಯಾರಿಗೂ ನೆಮ್ಮದಿ ಇರುವುದಿಲ್ಲ. ಏಪ್ರಿಲ್, ಮೇ ಪೂರ್ತಿ ಲಗ್ನ, ಜಾತ್ರೆ. ಬ್ಯಾಂಕು, ಸಂಘಗಳಲ್ಲಿ ಇರುವವರಿಗೆ ಮಾರ್ಚ್ ತಿಂಗಳು ಇಲ್ಲವೆಂದೇ ತಿಳಿಯಿರಿ. ಬ್ಯಾಡಗಿ ಮಾರುಕಟ್ಟೆಯ ಸುತ್ತ ದುಡಿಯುವವರಿಗೆ ಮೆಣಸಿನಕಾಯಿ ಬರುವ ಜನವರಿಯಿಂದ ಮಾರ್ಚ್‌ವರೆಗೆ ಉಸಿರಾಡಲೂ ಪುರಸೊತ್ತಿಲ್ಲ. ಇವನ್ನೆಲ್ಲ ಕಳೆದರೆ ಜುಲೈನಿಂದ ನವೆಂಬರ್‌ವರೆಗಿನ ಐದು ತಿಂಗಳು ನಮ್ಮ ಭಾಗದ ಬಹಳ ಮಂದಿಗೆ ನಿಜವಾದ ಓದಿನ ಹಂಗಾಮು. ಭಾರದ ಪೇಪರುಗಳನ್ನು ಡಿಸೆಂಬರಿಗೆ, ಹಗುರವಾದವನ್ನು ಜೂನಿಗೆ ಇಟ್ಟುಕೊಳ್ಳಿ.

ಓದುವ ಕ್ರಮ

ಒಂದು ಘಟಕಕ್ಕೆ ಎರಡು ಓದು. ಮೊದಲ ಸಲ ಪೆನ್ನು ಹಿಡಿಯದೆ, ಕಥೆ ಓದಿದ ಹಾಗೆ. ಎರಡನೆಯ ಸಲ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಹತ್ತು ಸಾಲು ಬರೆಯಿರಿ. ನಿಮ್ಮ ಮಾತಿನಲ್ಲಿ, ನಿಮ್ಮ ಓಣಿಯವರಿಗೆ ಹೇಳಿದ ಹಾಗೆ. ಆ ಹತ್ತು ಸಾಲು ಬರೆಯಲು ಆಗದಿದ್ದರೆ ಘಟಕ ಓದಿದ ಹಾಗಲ್ಲ. ಪುಸ್ತಕದ ಸಾಲಿಗೆ ಹಳದಿ ಬಣ್ಣ ಬಳಿಯುವುದನ್ನು ನಾನು ಮೊದಲ ಆರು ತಿಂಗಳಲ್ಲೇ ಬಿಟ್ಟೆ. ಬಣ್ಣ ಬಳಿದಾಗ ಓದಿದ ಸಮಾಧಾನ ಸಿಗುತ್ತದೆ, ಆದರೆ ಪರೀಕ್ಷೆಯ ದಿನ ಕೈಗೆ ಏನೂ ಬರುವುದಿಲ್ಲ.

ಒಂದು ಉದ್ದನೆಯ ನೋಟ್‌ಬುಕ್ಕನ್ನು ಪದಗಳಿಗೆಂದೇ ಇಡಿ. ಕನ್ನಡದಲ್ಲಿ ಸಮಾಜ ವಿಜ್ಞಾನ ಓದುವವರಿಗೆ ಇದು ಬೇಕೇ ಬೇಕು, ಯಾಕೆಂದರೆ ಒಂದೇ ಪರಿಕಲ್ಪನೆಗೆ ಒಂದೊಂದು ಪುಸ್ತಕ ಒಂದೊಂದು ಹೆಸರು ಕೊಡುತ್ತದೆ. ಮಾರ್ಕ್ಸ್ ಹೇಳುವ ಏಲಿಯನೇಶನ್ (ದುಡಿಯುವವನಿಗೆ ತನ್ನ ದುಡಿಮೆಯೇ ಹೊರಗಿನದಾಗುವುದು) ಒಂದು ಕಡೆ ಪರಕೀಯತೆ, ಇನ್ನೊಂದು ಕಡೆ ಅನ್ಯೀಕರಣ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಸ್ಯಾನ್ಸ್‌ಕ್ರಿಟೈಸೇಶನ್ (ಕೆಳಗಿನ ಜಾತಿಯವರು ಮೇಲಿನ ಜಾತಿಯವರ ಆಚಾರ ಹಿಡಿಯುವುದು) ಒಬ್ಬರಿಗೆ ಸಂಸ್ಕೃತೀಕರಣ, ಇನ್ನೊಬ್ಬರಿಗೆ ಸಂಸ್ಕೃತಾನುಕರಣ. ಎರಡು ಬೇರೆ ಬೇರೆ ಸಂಗತಿ ಎಂದುಕೊಂಡು ಗೊಂದಲಕ್ಕೆ ಬಿದ್ದವರು ಬಹಳ. ಒಂದು ಸಾಲಿನಲ್ಲಿ ಇಂಗ್ಲಿಷ್ ಪದ, ಕನ್ನಡದ ಎಲ್ಲ ರೂಪಗಳು, ಯಾರು ಹೇಳಿದ್ದು, ನಿಮ್ಮ ಊರಿನ ಒಂದು ಉದಾಹರಣೆ. ನಾಲ್ಕು ಕಲಮು, ಅಷ್ಟೇ.

ಕನ್ನಡ ಪದ ಕೆಲವು ಸಲ ದಾರಿಯನ್ನೂ ತಪ್ಪಿಸುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್‌ನ ಐಡಿಯಲ್ ಟೈಪ್‌ಗೆ ನಾವು ಆದರ್ಶ ಮಾದರಿ ಎನ್ನುತ್ತೇವೆ. ಆದರ್ಶ ಎಂದ ಕೂಡಲೇ ಒಳ್ಳೆಯದು, ಅನುಸರಿಸಬೇಕಾದದ್ದು ಎಂಬ ಅರ್ಥ ಮನಸ್ಸಿಗೆ ಬರುತ್ತದೆ. ವೆಬರ್ ಹಾಗೆ ಹೇಳಿಲ್ಲ. ಅವನದು ಅಳತೆಗೆಂದು ಮನಸ್ಸಿನಲ್ಲಿ ಮಾಡಿಕೊಂಡ ಶುದ್ಧ ರೂಪ. ಬಂಗಾರದ ಅಂಗಡಿಯಲ್ಲಿ 24 ಕ್ಯಾರೆಟ್ ಎನ್ನುವ ಹಾಗೆ. ಅದನ್ನು ಪಕ್ಕಕ್ಕೆ ಇಟ್ಟುಕೊಂಡು ನಮ್ಮ ಕೈಯಲ್ಲಿರುವುದು ಎಷ್ಟು ಶುದ್ಧ, ಎಷ್ಟು ಬೆರಕೆ ಎಂದು ನೋಡುತ್ತೇವೆ. ಇದು ಹೊಳೆದ ದಿನ ನನಗೆ ನನ್ನ ಕೌಂಟರೇ ಬೇರೆಯಾಗಿ ಕಂಡಿತು.

ಉತ್ತರ ಬರೆಯುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ದುಡಿಯುವವರ ನಿಜವಾದ ಆಸ್ತಿ ಇಲ್ಲಿದೆ. ಇಪ್ಪತ್ತೊಂದು ವರ್ಷದ ಹುಡುಗ ಪುಸ್ತಕದಲ್ಲಿ ಓದುವ ಸಮಾಜವನ್ನು ನೀವು ದಿನಾ ಮುಟ್ಟಿ ನೋಡುತ್ತಿದ್ದೀರಿ. ಅದನ್ನು ಉತ್ತರಪತ್ರಿಕೆಗೆ ತರುವ ದಾರಿ ಮಾತ್ರ ಕಲಿಯಬೇಕು.

"ಅಧಿಕಾರಶಾಹಿಯ ಬಗ್ಗೆ ವೆಬರ್‌ನ ವಿಚಾರಗಳನ್ನು ಚರ್ಚಿಸಿ" ಎಂಬ ಪ್ರಶ್ನೆ ತೆಗೆದುಕೊಳ್ಳಿ. ಮೊದಲು ಸಿದ್ಧಾಂತ: ಮೇಲು ಕೆಳಗಿನ ಅಧಿಕಾರ ಶ್ರೇಣಿ, ಬರೆದಿಟ್ಟ ನಿಯಮ, ಕಡತ, ಅರ್ಹತೆಯ ಮೇಲೆ ನೇಮಕ, ಕಚೇರಿಯ ಆಸ್ತಿ ಬೇರೆ ಮನೆಯ ಆಸ್ತಿ ಬೇರೆ, ವ್ಯಕ್ತಿ ನೋಡದೆ ನಿಯಮ ನೋಡಿ ನಡೆಯುವುದು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಆಮೇಲೆ ನಾನು ಹೀಗೆ ಬರೆದೆ: "ಸಹಕಾರಿ ಸಂಘದಲ್ಲಿ ಸಾಲದ ಅರ್ಜಿಗೆ ನಿಯಮ ಒಂದೇ. ಆದರೆ ಸಂಘದ ಸದಸ್ಯರು ಒಂದೇ ಊರಿನವರು, ಜಾಮೀನು ಹಾಕುವವನು ಅರ್ಜಿದಾರನ ಸೋದರಮಾವ, ನಿರ್ದೇಶಕರನ್ನು ಆರಿಸಿದವರೂ ಇದೇ ಸದಸ್ಯರು. ಆದ್ದರಿಂದ ಇಲ್ಲಿ ನಿಯಮದ ಸಂಬಂಧ ಮತ್ತು ನೆಂಟಸ್ತಿಕೆಯ ಸಂಬಂಧ ಒಂದೇ ಮೇಜಿನ ಮೇಲೆ ಕೆಲಸ ಮಾಡುತ್ತವೆ. ವೆಬರ್‌ನ ಮಾದರಿಯಿಂದ ಇದು ಎಷ್ಟು ದೂರ ಎಂದು ಅಳೆದಾಗ ಗ್ರಾಮೀಣ ಸಂಸ್ಥೆಗಳ ಸ್ವರೂಪ ತಿಳಿಯುತ್ತದೆ." ನನ್ನ ಕನ್ನಡ ಅಲಂಕಾರದ್ದಲ್ಲ. ಆದರೆ ಆ ಪೇಪರಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂತು.

ನಮ್ಮ ಮೂರು ಜಿಲ್ಲೆಗಳ ನೆಲದಲ್ಲೇ ಉತ್ತರಗಳಿಗೆ ಬೇಕಾದ ಸಾಮಗ್ರಿ ಹೇರಳವಾಗಿದೆ. ಸಹಕಾರ ಚಳವಳಿ ಕೇಳಿದರೆ ಗದಗ ತಾಲ್ಲೂಕಿನ ಕಣಗಿನಹಾಳ: 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘವನ್ನು ದೇಶದ ಮೊದಲನೆಯದೆಂದು ಗುರುತಿಸುತ್ತಾರೆ. ರೈತ ಚಳವಳಿ ಕೇಳಿದರೆ 1980ರ ಜುಲೈನ ನವಲಗುಂದ-ನರಗುಂದ: ಮಲಪ್ರಭಾ ಯೋಜನೆಯ ಅಭಿವೃದ್ಧಿ ಕರ ಮತ್ತು ನೀರಿನ ಕರದ ವಿರುದ್ಧ ಎದ್ದ ರೈತರು, ಗೋಲಿಬಾರ್, ಅದರ ಬೆನ್ನಿಗೆ ಅದೇ ವರ್ಷ ಹುಟ್ಟಿದ ರಾಜ್ಯ ರೈತ ಸಂಘ. ಪರಿಸರ ಚಳವಳಿ ಎಂದರೆ ಎಲ್ಲರೂ ಚಿಪ್ಕೋ ಬರೆದು ಮುಗಿಸುತ್ತಾರೆ. ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ನಡೆದ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹವನ್ನು ನೀವು ಬರೆಯಿರಿ. ಗೋಮಾಳದಲ್ಲಿ ಕಂಪನಿಗಾಗಿ ಹಚ್ಚಿದ ನೀಲಗಿರಿ ಸಸಿಗಳನ್ನು ಕಿತ್ತು, ಜನರಿಗೆ ಬೇಕಾದ ಗಿಡ ಹಚ್ಚಿದರು. ಚಿಪ್ಕೋದ ಜೊತೆ ಇದನ್ನಿಟ್ಟು, ಒಂದು ಕಡೆ ಇರುವ ಕಾಡನ್ನು ಉಳಿಸುವ ಹೋರಾಟ, ಇನ್ನೊಂದು ಕಡೆ ಸಾಮೂಹಿಕ ಭೂಮಿಯ ಒಡೆತನ ಯಾರದೆಂದು ಕೇಳುವ ಹೋರಾಟ ಎಂದು ಹೋಲಿಸಿದರೆ ಅದೇ ಒಳ್ಳೆಯ ಉತ್ತರ. ಅಸಂಘಟಿತ ದುಡಿಮೆ ಕೇಳಿದರೆ ಮೆಣಸಿನಕಾಯಿಯ ತೊಟ್ಟು ಮುರಿಯುವ ಬ್ಯಾಡಗಿಯ ಹೆಣ್ಣುಮಕ್ಕಳು ಕಣ್ಣ ಮುಂದೆಯೇ ಇದ್ದಾರೆ.

ಎಚ್ಚರಿಕೆಯೂ ಬೇಕು. ಉದಾಹರಣೆಯೇ ಉತ್ತರವಲ್ಲ. ಊರಿನ ಕಥೆ ಎರಡು ಪುಟ ಬರೆದು ಸಿದ್ಧಾಂತವನ್ನು ಮರೆತರೆ ಅಂಕ ಬೀಳುವುದಿಲ್ಲ. ಫಿಟ್ಟರ್ ಅಣ್ಣಾವ್ರು ಮೊದಲ ಸಲ ಇದೇ ತಪ್ಪು ಮಾಡಿದರು. ಕಾರ್ಮಿಕ ಸಂಘಟನೆಯ ಬಗ್ಗೆ ಅವರಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ, ಗೊತ್ತಿದ್ದದ್ದನ್ನೆಲ್ಲ ಬರೆದರು, ಪೇಪರ್ ಬಾಕಿ ಉಳಿಯಿತು. ಎರಡನೆಯ ಸಲ ಮೊದಲು ಪರಿಕಲ್ಪನೆ, ಆಮೇಲೆ ವಿವರಣೆ, ಆಮೇಲೆ ವರ್ಕ್‌ಶಾಪಿನ ಒಂದೇ ಒಂದು ಘಟನೆ, ಕೊನೆಗೆ ಆ ಘಟನೆ ಪರಿಕಲ್ಪನೆಗೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಬರೆದರು, ಪಾಸಾದರು. "ಹೊಂದುವುದಿಲ್ಲ" ಎಂಬ ಭಾಗವನ್ನು ಬಿಡಬೇಡಿ. ವಿಚಾರ ಮಾಡಿದ್ದೀರಿ ಎಂದು ಪರೀಕ್ಷಕರಿಗೆ ಗೊತ್ತಾಗುವುದು ಅಲ್ಲಿ.

ವಾರಕ್ಕೆ ಒಂದು ಪೂರ್ಣ ಉತ್ತರ, ಕೈಯಿಂದ, ಗಡಿಯಾರ ಇಟ್ಟುಕೊಂಡು. ಮೂರು ಗಂಟೆಯಲ್ಲಿ ಐದು ಉತ್ತರ ಬರೆಯಬೇಕಿದ್ದರೆ ಒಂದಕ್ಕೆ 36 ನಿಮಿಷ. ವರ್ಷಗಟ್ಟಲೆ ಕಂಪ್ಯೂಟರ್ ಕೀಲಿ ಒತ್ತಿದ ಕೈಗೆ ಪೆನ್ನು ಹಿಡಿದು ಮೂರು ಗಂಟೆ ಬರೆಯುವುದು ಮರೆತುಹೋಗಿರುತ್ತದೆ. ನನ್ನ ಮೊದಲ ಪರೀಕ್ಷೆಯಲ್ಲಿ ನಾಲ್ಕನೆಯ ಉತ್ತರಕ್ಕೆ ಬೆರಳು ಮರಗಟ್ಟಿದವು, ಐದನೆಯದು ಅರ್ಧಕ್ಕೆ ನಿಂತಿತು. ಗೊತ್ತಿದ್ದ ಉತ್ತರ ಅದು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಅಸೈನ್‌ಮೆಂಟ್

ಇಗ್ನೋದಲ್ಲಿ ಅಸೈನ್‌ಮೆಂಟಿಗೆ 30 ಪ್ರತಿಶತ, ಪರೀಕ್ಷೆಗೆ 70. ಬೇರೆ ಕಡೆಯೂ ಆಂತರಿಕ ಅಂಕ ಇದ್ದೇ ಇರುತ್ತದೆ. ಮನೆಯಲ್ಲಿ ಕೂತು, ಪುಸ್ತಕ ನೋಡಿ, ಬೇಕಾದಷ್ಟು ಹೊತ್ತು ತೆಗೆದುಕೊಂಡು ಬರೆಯುವ ಈ ಅಂಕವನ್ನು ಬಿಟ್ಟರೆ ಯಾರೂ ತುಂಬಿಕೊಡುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಸಿದ್ಧ ಉತ್ತರ ಸಿಗುತ್ತವೆ. ಕೊಳ್ಳಬೇಡಿ. ಅಂಕದ ಮಾತು ಹಾಗಿರಲಿ, ಉತ್ತರ ಬರೆಯುವ ರೂಢಿ ಆಗುವ ಒಂದೇ ಜಾಗ ಇದು, ಅದನ್ನು ದುಡ್ಡು ಕೊಟ್ಟು ಕಳೆದುಕೊಂಡ ಹಾಗೆ ಆಗುತ್ತದೆ.

ನಾನು ಸಲ್ಲಿಸಿದ ಎರಡು ಅಸೈನ್‌ಮೆಂಟುಗಳು ಎಲ್ಲಿ ಹೋದವೋ, ಅಂಕಪಟ್ಟಿಯಲ್ಲಿ ಗೈರು ಎಂದು ಬಂತು. ನನ್ನ ಬಳಿ ಸ್ವೀಕೃತಿ ಇರಲಿಲ್ಲ, ನಕಲೂ ಇರಲಿಲ್ಲ. ಆ ಎರಡು ಪೇಪರಿಗೆ ಮತ್ತೆ ಆರು ತಿಂಗಳು. ಅಂದಿನಿಂದ ಪ್ರತಿ ಪುಟದ ಫೋಟೋ ತೆಗೆದು, ಸ್ವೀಕೃತಿಯ ಮೇಲೆ ದಿನಾಂಕದ ಮುದ್ರೆ ಹಾಕಿಸಿಕೊಂಡೇ ಕೌಂಟರ್ ಬಿಡುತ್ತಿದ್ದೆ. ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿದ್ದು ಮಾಡಿದ ಅಧ್ಯಯನದ ಟಿಪ್ಪಣಿಗಳನ್ನು ವರ್ಷಗಟ್ಟಲೆ ತಿದ್ದಿ ಜೋಡಿಸಿ ಇಟ್ಟಿದ್ದರು. 1970ರಲ್ಲಿ ಅಮೆರಿಕದಲ್ಲಿ ಅವರಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದು ಅವು ಸುಟ್ಟವು. ಪ್ರತಿಗಳೂ ಅದೇ ಕಟ್ಟಡದಲ್ಲಿದ್ದವು. ನಿಮ್ಮ ನಕಲನ್ನು ಇನ್ನೊಂದು ಕಡೆ ಇಡಿ.

ಕ್ಷೇತ್ರಕಾರ್ಯ ಮತ್ತು ಗ್ರಂಥಾಲಯ

ಕಿರು ಪ್ರಬಂಧ ಇರುವ ಕೋರ್ಸಾದರೆ ವಿಷಯ ಸಣ್ಣದಿರಲಿ. "ಉತ್ತರ ಕರ್ನಾಟಕದಲ್ಲಿ ಮಹಿಳೆಯರ ಸ್ಥಿತಿಗತಿ" ಎಂಬುದು ಭಾನುವಾರಗಳಲ್ಲಿ ಮುಗಿಯುವ ಕೆಲಸವಲ್ಲ. "ಬೆಟಗೇರಿಯ ಒಂದು ಓಣಿಯಲ್ಲಿ ಮಗ್ಗ ಬಿಟ್ಟ ಇಪ್ಪತ್ತು ಮನೆಗಳು ಈಗ ಏನು ದುಡಿಯುತ್ತಿವೆ" ಎಂಬುದು ಮುಗಿಯುತ್ತದೆ. ಜನರನ್ನು ಮಾತಾಡಿಸುವ ಮೊದಲು ಯಾಕೆ ಕೇಳುತ್ತಿದ್ದೀರಿ ಎಂದು ಹೇಳಿ ಒಪ್ಪಿಗೆ ಪಡೆಯಿರಿ, ಬರೆಯುವಾಗ ಹೆಸರು ಬದಲಿಸಿ. ನಿಮ್ಮ ನೌಕರಿಯಿಂದ ನಿಮಗೆ ತಿಳಿದ ಖಾಸಗಿ ಸಂಗತಿಗಳನ್ನು ಪ್ರಬಂಧಕ್ಕೆ ತರಬೇಡಿ. ಸಾಲಗಾರರ ಲೆಕ್ಕ ನನ್ನ ಮೇಜಿನ ಮೇಲೆಯೇ ಇತ್ತು, ಒಂದಂಕಿಯನ್ನೂ ನಾನು ಮುಟ್ಟಲಿಲ್ಲ.

ಅಂಕಿ-ಅಂಶ ಹುಡುಕುವವರಿಗೆ ಒಂದು ಸುಳಿವು: ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನದೆಲ್ಲ ಧಾರವಾಡ ಜಿಲ್ಲೆಯ ಕೋಷ್ಟಕಗಳಲ್ಲಿ ತಾಲ್ಲೂಕುವಾರು ಸಿಗುತ್ತದೆ. 2011ರ ಜನಗಣತಿಯ ಜಿಲ್ಲಾ ಕೈಪಿಡಿಗಳಲ್ಲಿ ಹಳ್ಳಿ ಹಳ್ಳಿಯ ವಿವರವಿದೆ, ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಶೋಧಗಂಗಾ ತಾಣದಲ್ಲಿ ಪಿಎಚ್.ಡಿ. ಪ್ರಬಂಧಗಳಿವೆ, ಕನ್ನಡದವೂ ಇವೆ. ಧಾರವಾಡದ ಪಾವಟೆ ನಗರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಬಸವನಾಳ ಗ್ರಂಥಾಲಯಕ್ಕೆ ಹೊರಗಿನವರು ಹೋಗುವುದಾದರೆ ಗುರುತಿನ ಚೀಟಿ ಮತ್ತು ಪರಿಚಯ ಪತ್ರ ತೆಗೆದುಕೊಂಡು ಹೋಗಿ ಅನುಮತಿ ಕೇಳಿ. ಅಭಿವೃದ್ಧಿಯ ವಿಷಯ ಆರಿಸಿದವರಿಗೆ ಧಾರವಾಡದಲ್ಲೇ 1990ರಿಂದ ಇರುವ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ, ಅಂದರೆ ಸಿ.ಎಂ.ಡಿ.ಆರ್. ಇದೆ. ಪಂಚಾಯತ್ ರಾಜ್ ವಿಷಯಕ್ಕೆ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಜಾನಪದಕ್ಕೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ. ಕೇಳಿದರೆ ದಾರಿ ತೋರಿಸುವ ಅಧ್ಯಾಪಕರು ಸಿಗುತ್ತಾರೆ.

ಮನೆ

ಓದಿಗೆ ಹೆಸರು ಹಚ್ಚಿದ್ದನ್ನು ನಾನು ಮೊದಲು ಮನೆಯಲ್ಲಿ ಮುಚ್ಚಿಟ್ಟೆ. ಹಾಗೆ ಮಾಡಬೇಡಿ. ಪರೀಕ್ಷೆಯ ತಿಂಗಳು ಯಾವುದು, ಯಾವ ಲಗ್ನಕ್ಕೆ ಬರಲು ಆಗುವುದಿಲ್ಲ, ಯಾವ ಹೊತ್ತು ನಿಮ್ಮದು ಎಂದು ಎಲ್ಲರನ್ನೂ ಕೂಡಿಸಿ ಹೇಳಿ. ಎರಡನೆಯ ವರ್ಷ ಒಂದು ಮುಂಜಾನೆ ನಮ್ಮ ಅತ್ತೆಯವರು ಅಡುಗೆಮನೆಗೆ ಬಂದು ರೊಟ್ಟಿ ಬಡಿಯುವ ಕೊಣಮಿಗೆಯ ಮುಂದಿನಿಂದ ನನ್ನನ್ನು ಎಬ್ಬಿಸಿದರು. "ಇವತ್ತಿನಿಂದ ಮುಂಜಾನಿ ರೊಟ್ಟಿ ನಾ ಬಡಿತೀನಿ. ನೀ ಹೋಗಿ ಬರಕೋ ಹೋಗವಾ." ಸಾಲಿಯ ಮುಖ ನೋಡದವರು ಅವರು. ಕೇಳಿದ್ದರೆ ಮೊದಲ ವರ್ಷವೇ ಹಾಗೆ ಹೇಳುತ್ತಿದ್ದರು, ನಾನೇ ಕೇಳಿರಲಿಲ್ಲ.

ಜೊತೆ ಓದುವವರು ಇಬ್ಬರಾದರೂ ಇರಲಿ. ನಾವು ಮೂವರು ತಿಂಗಳಿಗೊಮ್ಮೆ ಹುಬ್ಬಳ್ಳಿಯಲ್ಲಿ ಸೇರಿ, ಬರೆದ ಉತ್ತರಗಳನ್ನು ಅದಲುಬದಲು ಮಾಡಿ ಅಂಕ ಹಾಕುತ್ತಿದ್ದೆವು. ಬರೆಯದೆ ಬಂದವರು ಚಹಾದ ದುಡ್ಡು ಕೊಡಬೇಕು.

ಪರೀಕ್ಷೆ ಮತ್ತು ಆಮೇಲೆ

ಪರೀಕ್ಷೆಯ ಅರ್ಜಿ ಬೇರೆ, ಪ್ರವೇಶದ ಅರ್ಜಿ ಬೇರೆ. ಪರೀಕ್ಷಾ ಶುಲ್ಕ ಕಟ್ಟುವುದನ್ನು ಮರೆತು ಹಾಲ್ ಟಿಕೆಟ್ ಬರದೆ ಕುಳಿತವರು ಪ್ರತಿ ಸಲ ಇರುತ್ತಾರೆ. ವೇಳಾಪಟ್ಟಿ ಬಂದ ದಿನವೇ ರಜೆ ಅರ್ಜಿ ಕೊಡಿ, ಪರೀಕ್ಷೆಯ ಹಿಂದಿನ ದಿನಕ್ಕೂ ಸೇರಿಸಿ ಕೇಳಿ. ದೂರದ ಹಳ್ಳಿಯವರು ಮುಂಜಾನೆಯ ಪೇಪರಿಗೆ ಹಿಂದಿನ ರಾತ್ರಿಯೇ ಊರು ಸೇರಿಕೊಳ್ಳಿ, ಮೊದಲ ಬಸ್ಸನ್ನು ನಂಬಬೇಡಿ.

ಫಲಿತಾಂಶ ಬಂದ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಅಂಕಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ಪ್ರತಿ ಪೇಪರಿನ ಅಂಕ ಒಂದೊಂದಾಗಿ ನೋಡಿ. ತಾತ್ಕಾಲಿಕ ಪ್ರಮಾಣಪತ್ರ ತೆಗೆದುಕೊಳ್ಳಿ. ಘಟಿಕೋತ್ಸವದ ಪ್ರಕಟಣೆ ಬಂದಾಗ ಪದವಿ ಪ್ರಮಾಣಪತ್ರಕ್ಕೆ ಬೇರೆ ಅರ್ಜಿ ಮತ್ತು ಶುಲ್ಕ ಇದ್ದರೆ ಅದನ್ನೂ ಕಟ್ಟಿ. ನೌಕರಿಯಲ್ಲಿರುವವರು ದೃಢೀಕರಿಸಿದ ನಕಲಿನ ಜೊತೆ, ಮೊದಲು ಪಡೆದ ಅನುಮತಿ ಪತ್ರವನ್ನೂ ಲಗತ್ತಿಸಿ, ಸೇವಾ ಪುಸ್ತಕದಲ್ಲಿ ಪದವಿಯನ್ನು ನಮೂದಿಸಬೇಕೆಂದು ಅರ್ಜಿ ಕೊಡಿ. ಸ್ವೀಕೃತಿಗೆ ಮುದ್ರೆ ಹಾಕಿಸಿಕೊಳ್ಳಿ, ಒಂದು ತಿಂಗಳ ಮೇಲೆ ಸೇವಾ ಪುಸ್ತಕ ತರಿಸಿ ಆ ನಮೂದನ್ನು ಕಣ್ಣಾರೆ ಓದಿ.